ತಾನು ನಜ್ಜುಗುಜ್ಜಾಗಿ ತಲೆ ಕಾಯುವ ಟೋಪಿ

1991ರಲ್ಲಿ ಫ್ರಾನ್ಸಿನ ಪ್ಯಾರಿಸ್–ನೀಸ್ ಸೈಕಲ್ ಸ್ಪರ್ಧೆಯ ಸವಾರರು ಮುಷ್ಕರ ಹೂಡಿದರು. ಹೆಲ್ಮೆಟ್ ಕಡ್ಡಾಯ ಮಾಡಬಾರದೆಂಬುದೇ ಅವರ ಬೇಡಿಕೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ತನ್ನ ನಿಯಮವನ್ನು ಹಿಂದಕ್ಕೆ ಪಡೆಯಬೇಕಾಯಿತು. ಬೆಟ್ಟ ಹತ್ತುವಾಗ ತಲೆ ಕಾದ ಹಂಚಿನಂತಾಗುತ್ತದೆ ಎಂಬ ಅವರ ದೂರನ್ನು ಪೂರ್ತಿ ತಳ್ಳಿಹಾಕುವಂತೆಯೂ ಇರಲಿಲ್ಲ.

ದಶಕಗಳ ಕಾಲ ಓಟದ ಸವಾರರು ಧರಿಸಿದ್ದು ಮೆತ್ತೆ ತುಂಬಿದ ಚರ್ಮದ ಪಟ್ಟಿಗಳನ್ನು ಜಾಳಿಗೆಯಂತೆ ಹೊಲಿದ ಟೋಪಿ. ಗಾಳಿ ಚೆನ್ನಾಗಿ ಆಡುತ್ತಿತ್ತು. ಬಿದ್ದರೆ ಕಿವಿ ತರಚದಂತೆ ತಡೆಯುತ್ತಿತ್ತು; ಅದಕ್ಕಿಂತ ಹೆಚ್ಚಿನದೇನನ್ನೂ ಅದರಿಂದ ನಿರೀಕ್ಷಿಸುವಂತಿರಲಿಲ್ಲ.

ಬದಲಾವಣೆ ಬಂದದ್ದು 1975ರಲ್ಲಿ, ಅಮೆರಿಕದ ಬೆಲ್ ಕಂಪನಿಯ ‘ಬೆಲ್ ಬೈಕರ್’ ಮೂಲಕ. ಗಟ್ಟಿ ಪ್ಲಾಸ್ಟಿಕ್ ಚಿಪ್ಪಿನ ಒಳಗೆ ಪಾಲಿಸ್ಟೈರಿನ್ ನೊರೆಯ ಪದರ. ನಮ್ಮಲ್ಲಿ ಥರ್ಮೊಕೋಲ್ ಎನ್ನುತ್ತೇವಲ್ಲ, ಅದೇ ಜಾತಿಯದು, ಆದರೆ ಹೆಚ್ಚು ಒತ್ತಾದದ್ದು. ನೆಲಕ್ಕೆ ಬಡಿದಾಗ ಅದರ ಗಾಳಿಗುಳ್ಳೆಗಳು ನಜ್ಜುಗುಜ್ಜಾಗುತ್ತವೆ. ಥಟ್ಟನೆ ನಿಲ್ಲಬೇಕಿದ್ದ ತಲೆ ಕೆಲವು ಸಾವಿರಾಂಶ ಸೆಕೆಂಡು ತಡವಾಗಿ ನಿಲ್ಲುತ್ತದೆ. ಮಿದುಳಿಗೆ ಆ ತಡವೇ ರಕ್ಷೆ. ಒಮ್ಮೆ ನಜ್ಜಾದ ನೊರೆ ಮತ್ತೆ ಉಬ್ಬದು. ಹೊರಗೆ ಬಿರುಕು ಕಾಣದಿದ್ದರೂ ಜೋರಾಗಿ ಬಿದ್ದ ಹೆಲ್ಮೆಟನ್ನು ಎಸೆಯಬೇಕೆನ್ನುವುದು ಈ ಕಾರಣಕ್ಕೆ.

1980ರ ದಶಕದ ಮಧ್ಯದಲ್ಲಿ ಕ್ಯಾಲಿಫೋರ್ನಿಯಾದ ಜಿಮ್ ಜೆಂಟಿಸ್ ತಮ್ಮ ‘ಜೀರೊ’ ಕಂಪನಿಯಿಂದ ಗಟ್ಟಿ ಚಿಪ್ಪನ್ನೇ ತೆಗೆದು, ನೊರೆಯ ಮೇಲೆ ತೆಳುವಾದ ಲೈಕ್ರಾ ಬಟ್ಟೆ ಹೊದಿಸಿದರು. ಭಾರ ಬಹಳಷ್ಟು ಇಳಿಯಿತು. ಮುಂದೆ ಬಟ್ಟೆಯ ಜಾಗಕ್ಕೆ ಕಾಗದದಷ್ಟು ತೆಳುವಾದ ಪ್ಲಾಸ್ಟಿಕ್ ಹೊದಿಕೆ ಬಂತು. 1989ರ ಟೂರ್ ಡಿ ಫ್ರಾನ್ಸಿನ ಕೊನೆಯ ದಿನ ಗ್ರೆಗ್ ಲೆಮಾಂಡ್ ಗಾಳಿ ಸೀಳುವ ಹೆಲ್ಮೆಟ್ ಧರಿಸಿ, ಬರಿದಲೆಯ ಫ್ರೆಂಚ್ ಸವಾರ ಲೊರಾಂ ಫಿನ್ಯೋ ಅವರನ್ನು ಒಟ್ಟು 8 ಸೆಕೆಂಡುಗಳಿಂದ ಸೋಲಿಸಿದರು. ಸುರಕ್ಷತೆಗೆ ಒಪ್ಪದ ತಲೆಗಳು ವೇಗಕ್ಕಾದರೂ ಒಪ್ಪಿಯಾವು ಎಂಬ ಸ್ಥಿತಿ!

1995ರ ಜುಲೈನಲ್ಲಿ ಪಿರನೀಸ್ ಬೆಟ್ಟದ ಇಳಿಜಾರಿನಲ್ಲಿ, ಬಾರ್ಸಿಲೋನಾ ಒಲಿಂಪಿಕ್ಸಿನ ಚಿನ್ನದ ಪದಕ ವಿಜೇತ ಫಾಬಿಯೊ ಕಸರ್ತೆಲ್ಲಿ ಬಿದ್ದು ಸತ್ತರು. ಹೆಲ್ಮೆಟ್ ಇರಲಿಲ್ಲ. ಇದ್ದಿದ್ದರೆ ಉಳಿಯುತ್ತಿದ್ದರೇ ಎಂಬ ಚರ್ಚೆ ಬಹುಕಾಲ ನಡೆಯಿತು. ನಿಯಮ ಮಾತ್ರ ಬರಲಿಲ್ಲ. 2003ರ ಮಾರ್ಚ್‌ನಲ್ಲಿ ಕಜಕಸ್ತಾನದ ಆಂದ್ರೆ ಕಿವಿಲೆವ್ ಮೃತಪಟ್ಟ ನಂತರವಷ್ಟೇ ಹೆಲ್ಮೆಟ್ ಕಡ್ಡಾಯವಾಯಿತು. ಅವರು ಬಿದ್ದದ್ದು ಅದೇ ಪ್ಯಾರಿಸ್–ನೀಸ್ ಸ್ಪರ್ಧೆಯಲ್ಲಿ.

ನೊರೆಯಿಂದ ಬಗೆಹರಿಯದ ಸಮಸ್ಯೆಯೊಂದಿತ್ತು. ಸವಾರ ಸಾಮಾನ್ಯವಾಗಿ ಓರೆಯಾಗಿ ಬೀಳುತ್ತಾನೆ; ತಲೆ ಗಿರ್ರನೆ ತಿರುಗುತ್ತದೆ. ಕೊಡವನ್ನು ತಿರುಗಿಸಿದಾಗ ಒಳಗಿನ ನೀರು ಹಿಂದುಳಿಯುವಂತೆ ಮಿದುಳು ಹಿಂದುಳಿದು, ಅದರ ಎಳೆಗಳು ಜಗ್ಗುತ್ತವೆ. ಸ್ವೀಡನ್ನಿನ ನರಶಸ್ತ್ರವೈದ್ಯ ಹಾನ್ಸ್ ಫಾನ್ ಹೋಲ್ಸ್ಟ್ ಮತ್ತು ಸಂಶೋಧಕ ಪೀಟರ್ ಹಾಲ್ಡಿನ್ ಇದಕ್ಕೆ ಕಂಡುಕೊಂಡ ಉಪಾಯ ‘ಮಿಪ್ಸ್’: ಹೆಲ್ಮೆಟಿನೊಳಗೆ ಒಂದೂವರೆ ಸೆಂಟಿಮೀಟರಿನಷ್ಟು ಜಾರಬಲ್ಲ ತೆಳುವಾದ ಪದರ.

ಇಷ್ಟೆಲ್ಲ ಇದ್ದೂ ಹೆಲ್ಮೆಟ್ ತಲೆಗೆ ಹೊಂದದಿದ್ದರೆ ವ್ಯರ್ಥ. ಹಿಂದೆ ಅಳತೆ ಸರಿಪಡಿಸಲು ಒಳಗೆ ಸ್ಪಂಜಿನ ತುಂಡು ಅಂಟಿಸುತ್ತಿದ್ದರು. ಈಗ ಹಿಂದಲೆಯ ಬಳಿ ತಿರುಪು ಇದೆ. ಆದರೆ ತಿರುಪು ಸುತ್ತಳತೆಯನ್ನು ಬದಲಿಸೀತು, ಆಕಾರವನ್ನಲ್ಲ. ಯುರೋಪಿಯನ್ ತಲೆಯ ಅಚ್ಚಿನಲ್ಲಿ ಮಾಡಿದ್ದು ಏಷ್ಯಾದ ಅನೇಕರಿಗೆ ತಲೆಯ ಪಕ್ಕಗಳಲ್ಲಿ ಒತ್ತುತ್ತಿತ್ತು, ಹಿಂದೆ ಸಡಿಲವಾಗುತ್ತಿತ್ತು. ಹಾಂಗ್‌ಕಾಂಗ್ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದ ‘ಸೈಜ್ ಚೀನಾ’ ಯೋಜನೆ ಸಾವಿರಾರು ಚೀನೀ ತಲೆಗಳನ್ನು ಸ್ಕ್ಯಾನ್ ಮಾಡಿ, ಅವು ಹೆಚ್ಚು ದುಂಡಗಿವೆ, ಹಿಂದಲೆ ಚಪ್ಪಟೆ ಎಂದು ತೋರಿಸಿತು.

ಮಗು ಬೆಳೆಯುತ್ತದೆಂದು ಒಂದಳತೆ ದೊಡ್ಡದನ್ನು ಕೊಳ್ಳುವ ಪದ್ಧತಿ ಸಮವಸ್ತ್ರಕ್ಕೆ ಸರಿ, ಹೆಲ್ಮೆಟಿಗೆ ಅಪಾಯ. ಹುಬ್ಬಿನ ಮೇಲೆ ಎರಡು ಬೆರಳಷ್ಟೇ ಜಾಗವಿರಬೇಕು, ಪಟ್ಟಿಗಳು ಕಿವಿಯ ಕೆಳಗೆ ಕೂಡಬೇಕು. ಕೊಳ್ಳುವಾಗ ಗಲ್ಲದ ಪಟ್ಟಿ ಕಟ್ಟದೆ ತಲೆ ಅಲ್ಲಾಡಿಸಿ ನೋಡಿದರೆ ಅಳತೆ ತಿಳಿದುಹೋಗುತ್ತದೆ.