ಹೆಬ್ಬೆರಳು ಒತ್ತುವ ಮುನ್ನ ಒಮ್ಮೆ ಕೇಳಿ



ಕಳೆದ ಸುತ್ತಿನ ಕಾಲುಬಾಯಿ ಜ್ವರದ ಲಸಿಕೆಗೆ ಹೋದಾಗ ಒಂದು ಮನೆಯಲ್ಲಿ ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ. ಕೊಟ್ಟಿಗೆಯಲ್ಲಿ ಎರಡು ಮಿಶ್ರತಳಿ ಹಸು, ಒಂದು ಪಡ್ಡೆ ಇದ್ದವು. ಲಸಿಕೆ ಹಾಕಿ ಮುಗಿಸಿ, ಭಾರತ್ ಪಶುಧನ್ ಆ್ಯಪ್ ತೆರೆದು ಕಿವಿಯೋಲೆ ಸಂಖ್ಯೆ ನಮೂದಿಸಿದೆ. "ಅಕ್ಕಾ, ನಿಮ್ಮ ಫೋನಿಗೆ ಒಂದು ಒಟಿಪಿ ಬಂದಿರುತ್ತೆ, ಹೇಳಿ" ಎಂದೆ. ಆ ಅಕ್ಕ ಫೋನನ್ನು ಸೆರಗಿನ ಮರೆಗೆ ಹಿಡಿದುಕೊಂಡರು. "ಒಟಿಪಿ ಯಾರ್ಗೂ ಹೇಳ್ಬೇಡಿ ಅಂತ ಬ್ಯಾಂಕ್‌ನೋರೇ ಹೇಳವ್ರೆ ಡಾಕ್ಟ್ರೇ. ನಿಮಗೂ ಹೇಳಾಕಿಲ್ಲ" ಎಂದರು.

ನಿಜ ಹೇಳಬೇಕೆಂದರೆ ಆ ಕ್ಷಣಕ್ಕೆ ನನಗೆ ಕಿರಿಕಿರಿಯೇ ಆಯಿತು. ಇನ್ನೂ ಇಪ್ಪತ್ತು ಮನೆ ಬಾಕಿ ಇತ್ತು, ಐಸ್ ಬಾಕ್ಸಿನಲ್ಲಿ ಲಸಿಕೆ ಕಾಯುತ್ತಿತ್ತು. ಆಮೇಲೆ ಸಂಘದ ಕಾರ್ಯದರ್ಶಿ ಬಂದು ವಿವರಿಸಿದ ಮೇಲೆ, ಫೋನಿನಲ್ಲಿ ಬಂದ ಸಂದೇಶವನ್ನು ಮಗಳಿಂದ ಓದಿಸಿ, ನಂತರವೇ ಸಂಖ್ಯೆ ಕೊಟ್ಟರು. ಹತ್ತು ನಿಮಿಷ ಹೋಯಿತು.

ಇದಾಗಿ ತಿಂಗಳೊಳಗೆ ಪಕ್ಕದ ಊರಿನ ಇನ್ನೊಬ್ಬ ಸದಸ್ಯೆಯ ಕಥೆ ಕೇಳಿದೆ. ಆಗ ಆ ಹತ್ತು ನಿಮಿಷದ ಬೆಲೆ ಗೊತ್ತಾಯಿತು.

ಅವರ ಮನೆಗೆ ಮಧ್ಯಾಹ್ನದ ಹೊತ್ತು ಒಬ್ಬ ಯುವಕ ಬಂದಿದ್ದನಂತೆ. ಕೈಯಲ್ಲೊಂದು ಮೊಬೈಲು, ಬೆಂಕಿಪೊಟ್ಟಣದಷ್ಟು ದೊಡ್ಡ ಬೆರಳೊತ್ತುವ ಯಂತ್ರ. ಗ್ಯಾಸ್ ಸಬ್ಸಿಡಿ ನಿಂತುಹೋಗುತ್ತದೆ, ಕೆವೈಸಿ ಮಾಡಿಸಬೇಕು ಎಂದು ಆಧಾರ್ ಕಾರ್ಡ್ ಕೇಳಿದ. ಯಾವ ಬ್ಯಾಂಕಿನಲ್ಲಿ ಖಾತೆ ಇದೆ ಎಂದು ಕೇಳಿದ. ಹೆಬ್ಬೆರಳು ಒತ್ತಿಸಿದ. "ತಗೊಳ್ತಿಲ್ಲ ಅಮ್ಮಾ, ಇನ್ನೊಂದ್ಸಲ" ಎಂದ. ಮತ್ತೆ ಒತ್ತಿದರು. "ಸರ್ವರ್ ಇಲ್ಲ, ಇನ್ನೊಂದ್ಸಲ" ಎಂದ. ಮೂರು ಸಲ ಒತ್ತಿಸಿಕೊಂಡು, ಒಂದು ಲೋಟ ಮಜ್ಜಿಗೆಯನ್ನೂ ಕುಡಿದು ಹೊರಟುಹೋದ.

ಬ್ಯಾಂಕಿನಲ್ಲಿ ಕೊಟ್ಟಿದ್ದ ಮೊಬೈಲ್ ಸಂಖ್ಯೆ ಮಗನ ಹಳೆಯದು, ಎಂದೋ ನಿಂತುಹೋಗಿತ್ತು. ಹೀಗಾಗಿ ಯಾವ ಸಂದೇಶವೂ ಬರಲಿಲ್ಲ. ತಿಂಗಳು ಕಳೆದು ಹಿಂಡಿ ಮೂಟೆಗೆಂದು ಹಣ ತೆಗೆಯಲು ಹೋದಾಗ ಖಾತೆಯಲ್ಲಿ ಏನೂ ಇರಲಿಲ್ಲ. ಹಾಲಿನ ಬಟವಾಡೆ ಹಾಕಿಲ್ಲವೆಂದು ಕಾರ್ಯದರ್ಶಿಯ ಜೊತೆ ಜಗಳವೂ ಆಯಿತಂತೆ. ಪಾಸ್‌ಬುಕ್ ಮುದ್ರಿಸಿದಾಗ ಒಂದೇ ದಿನದಲ್ಲಿ ಮೂರು ಸಾಲು ಕಾಣಿಸಿತು. ಎರಡು ಸಲ ಹತ್ತತ್ತು ಸಾವಿರ, ಒಂದು ಸಲ ನಾಲ್ಕು ಸಾವಿರ. ಇನ್ನೊಂದು ಹಸು ತರಲು ಕೂಡಿಟ್ಟಿದ್ದ ಹಣ ಅದು. ದೂರು ಕೊಟ್ಟಿದ್ದಾರೆ. ನಾನಿದನ್ನು ಬರೆಯುವ ಹೊತ್ತಿಗೆ ಒಂದು ರೂಪಾಯಿಯೂ ವಾಪಸ್ ಬಂದಿಲ್ಲ.

ಹೇಗೆ ಹೋಯಿತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಟಿಎಂ ಇಲ್ಲದ ಊರುಗಳಲ್ಲಿ ಬ್ಯಾಂಕ್ ಮಿತ್ರರ ಬಳಿ ಬೆರಳೊತ್ತಿ ಹಣ ಪಡೆಯುತ್ತೇವಲ್ಲ, ಆ ವ್ಯವಸ್ಥೆಗೆ ಬೇಕಾಗುವುದು ಮೂರೇ ಸಂಗತಿ: ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಮತ್ತು ಬೆರಳಚ್ಚು. ಖಾತೆ ಸಂಖ್ಯೆ, ಎಟಿಎಂ ಕಾರ್ಡ್, ಪಿನ್, ಒಟಿಪಿ ಯಾವುದೂ ಬೇಡ. ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೆಯಬಹುದು. ನಡೆಯಲಾಗದ ಅಜ್ಜಿಗೆ ಮನೆ ಬಾಗಿಲಲ್ಲೇ ಪಿಂಚಣಿ ಸಿಗುವುದು ಇದರಿಂದಲೇ, ಹಾಗಾಗಿ ವ್ಯವಸ್ಥೆಯನ್ನು ನಾನು ಬೈಯುವುದಿಲ್ಲ. ಆದರೆ ಒಟಿಪಿ ಯಾರಿಗೂ ಹೇಳದೆ ಜೋಪಾನವಾಗಿದ್ದವರ ಹಣವೂ ಈ ದಾರಿಯಲ್ಲಿ ಹೋಗುತ್ತದೆ ಎಂಬುದು ನಿಮಗೆ ಗೊತ್ತಿರಬೇಕು. ಇಲ್ಲಿ ಬೆರಳೇ ಬೀಗದ ಕೈ.

ನಮ್ಮ ಹೈನುಗಾರ ಹೆಣ್ಣುಮಕ್ಕಳಿಗೆ ಇದರಲ್ಲಿ ಇನ್ನೊಂದು ತೊಡಕಿದೆ. ದಿನಕ್ಕೆರಡು ಹೊತ್ತು ಹಾಲು ಕರೆದು, ಹುಲ್ಲು ಕೊಯ್ದು, ಸಗಣಿ ಬಾಚಿದ ಕೈಗಳಲ್ಲಿ ಬೆರಳ ಗೆರೆಗಳು ಸವೆದಿರುತ್ತವೆ. ನ್ಯಾಯಬೆಲೆ ಅಂಗಡಿಯಲ್ಲಿ ನೀವು ಎಷ್ಟು ಸಲ ಒತ್ತುತ್ತೀರಿ, ನೆನಪಿಸಿಕೊಳ್ಳಿ. ಮೊದಲ ಸಲಕ್ಕೆ ತೆಗೆದುಕೊಂಡರೆ ಆಶ್ಚರ್ಯ. ಹೆಬ್ಬೆರಳು ಆಗದಿದ್ದರೆ ತೋರುಬೆರಳು, ಅದೂ ಆಗದಿದ್ದರೆ ಸೆರಗಿಗೆ ಒರೆಸಿ ಮತ್ತೊಮ್ಮೆ. ಹೀಗೆ ಮತ್ತೆ ಮತ್ತೆ ಒತ್ತುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಮೋಸಗಾರನಿಗೆ ಬೇಕಿರುವುದು ಅದೇ. ಅವನು "ಇನ್ನೊಂದ್ಸಲ" ಎಂದಾಗಲೆಲ್ಲ ಇನ್ನೊಂದು ಸಲ ಹಣ ಹೋಗುತ್ತಿರಬಹುದು. ಸಿಮ್ ಕಾರ್ಡ್ ಕೊಳ್ಳುವಾಗಲೂ ಇದೇ ಆಟ. ಎರಡನೇ ಸಲ ಒತ್ತಿಸಿಕೊಂಡು ನಿಮ್ಮ ಹೆಸರಿನಲ್ಲಿ ಇನ್ನೊಂದು ಸಿಮ್ ಮಾಡಿ, ಅದನ್ನು ಯಾರಿಗೋ ಮಾರುತ್ತಾರೆ.

ಅದಕ್ಕೇ ನಾನು ಹೇಳುವುದು: ಎಲ್ಲೇ ಬೆರಳೊತ್ತಿದರೂ ಯಾತಕ್ಕೆ ಎಂದು ಮೊದಲು ಕೇಳಿ. ಪರದೆಯ ಮೇಲೆ ಏನಿದೆ ಎಂದು ತೋರಿಸಲು ಹೇಳಿ. ಆಗಲಿಲ್ಲ ಎಂದರೆ ಆಗಲಿಲ್ಲ ಎಂಬುದಕ್ಕೂ ಚೀಟಿ ಕೇಳಿ. ಚೀಟಿ ಕೊಡದವನ ಯಂತ್ರದ ಮೇಲೆ ಎರಡನೇ ಸಲ ಬೆರಳಿಡಬೇಡಿ. ಮನೆ ಬಾಗಿಲಿಗೆ ಬಂದ ಅಪರಿಚಿತನ ಯಂತ್ರಕ್ಕಾದರೆ ಮೊದಲ ಸಲವೂ ಬೇಡ. ಗ್ಯಾಸಿನದಾದರೆ ಏಜೆನ್ಸಿಗೇ ಹೋಗಿ, ಬ್ಯಾಂಕಿನದಾದರೆ ಶಾಖೆಗೇ ಹೋಗಿ.

ನಿಮ್ಮ ಹಸುವಿನ ಹಳದಿ ಕಿವಿಯೋಲೆಯಲ್ಲೂ 12 ಅಂಕಿ, ನಿಮ್ಮ ಆಧಾರ್‌ನಲ್ಲೂ 12 ಅಂಕಿ. ಓಲೆ ಇಲ್ಲದಿದ್ದರೆ ವಿಮೆ ಹಣ ಸಿಗದು ಎಂದು ನಿಮಗೆಲ್ಲ ಗೊತ್ತು, ಅದಕ್ಕೇ ಅದನ್ನು ಜೋಪಾನ ಮಾಡುತ್ತೀರಿ. ಕಿವಿ ಹರಿದು ಓಲೆ ಬಿದ್ದರೆ ನಾವು ಬಂದು ಹೊಸ ಓಲೆ, ಹೊಸ ಸಂಖ್ಯೆ ಹಾಕುತ್ತೇವೆ. ಹೆಬ್ಬೆರಳಿಗೆ ಹಾಗೆ ಹೊಸದು ಹಾಕಲು ಬರುವುದಿಲ್ಲ. ಒಮ್ಮೆ ಅದರ ಗುರುತು ಕಳ್ಳರ ಕೈಗೆ ಸಿಕ್ಕರೆ ಸಿಕ್ಕಿತು. 2023ರಲ್ಲಿ ಬೆಂಗಳೂರು, ಮಂಗಳೂರು ಕಡೆ ಆಸ್ತಿ ನೋಂದಣಿ ಮಾಡಿಸಿಕೊಂಡ ಹಲವರ ಖಾತೆಯಿಂದ ಹೀಗೇ ಹಣ ಹೋಯಿತು. ಪತ್ರಗಳ ಮೇಲಿದ್ದ ಬೆರಳಚ್ಚನ್ನು ನಕಲು ಮಾಡಿ ತೆಗೆದಿದ್ದಾರೆಂದು ಪೊಲೀಸರಿಗೆ ದೂರುಗಳು ಬಂದವು. ಅವರು ಯಾರ ಯಂತ್ರಕ್ಕೂ ಮೋಸಹೋಗಿ ಬೆರಳೊತ್ತಿದವರಲ್ಲ.

ಇದಕ್ಕೆ ಬೀಗ ಇದೆ. ಆಧಾರ್‌ನವರೇ ಕೊಟ್ಟಿರುವ ಸೌಲಭ್ಯ, ಕಾಸಿಲ್ಲ. ಆಧಾರ್ ಆ್ಯಪ್‌ನಲ್ಲಿ ಅಥವಾ ಆಧಾರ್ ವೆಬ್‌ಸೈಟಿನಲ್ಲಿ 'ಬಯೋಮೆಟ್ರಿಕ್ ಲಾಕ್' ಎಂದಿರುತ್ತದೆ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಐದು ನಿಮಿಷದ ಕೆಲಸ. ಇಲ್ಲದಿದ್ದರೆ ಆಧಾರ್ ಸೇವಾ ಕೇಂದ್ರದಲ್ಲಿ ಮಾಡಿಸಬಹುದು. ಬೀಗ ಹಾಕಿದ ಮೇಲೆ ನಿಮ್ಮ ಬೆರಳಚ್ಚು, ಕಣ್ಣು, ಮುಖ ಯಾವುದನ್ನು ಬಳಸಿದರೂ ಯಂತ್ರ ಒಪ್ಪುವುದಿಲ್ಲ. ನಕಲಿ ಬೆರಳನ್ನೂ ಒಪ್ಪುವುದಿಲ್ಲ, ನಿಜವಾದ ಬೆರಳನ್ನೂ ಒಪ್ಪುವುದಿಲ್ಲ.

ಈ ಎರಡನೆಯದೇ ತಾಪತ್ರಯ. ರೇಷನ್ ತರುವ ದಿನ ಬೀಗ ತೆರೆಯಲೇಬೇಕು. ತಾತ್ಕಾಲಿಕವಾಗಿ ತೆರೆದರೆ ಸ್ವಲ್ಪ ಹೊತ್ತಿಗೆ ತಾನಾಗಿಯೇ ಮತ್ತೆ ಬೀಳುತ್ತದೆ. ಆದ್ದರಿಂದ ಅಂಗಡಿಯ ಸಾಲಿನಲ್ಲಿ ನಿಮ್ಮ ಸರದಿ ಹತ್ತಿರ ಬಂದಾಗ ತೆರೆಯಿರಿ, ಮನೆಯಲ್ಲೇ ತೆರೆದು ಹೋದರೆ ಪ್ರಯೋಜನವಿಲ್ಲ. ತಿಂಗಳಿಗೊಮ್ಮೆ ಈ ಕಷ್ಟ ಇದ್ದದ್ದೇ. ನನ್ನ ಅಮ್ಮನಿಗೆ ಹಾಕಿಸಿಕೊಟ್ಟಿದ್ದೇನೆ, ಪ್ರತಿ ತಿಂಗಳೂ ಗೊಣಗುತ್ತಾರೆ, ಆದರೂ ತೆಗೆಸಿಲ್ಲ. ಇಷ್ಟು ಓಡಾಟ ಬೇಡ ಎನ್ನುವವರು ಬ್ಯಾಂಕಿಗೆ ಹೋಗಿ, ಆಧಾರ್ ಮೂಲಕ ಹಣ ತೆಗೆಯುವ ಸೌಲಭ್ಯ ನನ್ನ ಖಾತೆಗೆ ಬೇಡ ಎಂದು ಅರ್ಜಿ ಬರೆದುಕೊಡಿ. ಅನೇಕ ಬ್ಯಾಂಕುಗಳು ಅದನ್ನು ನಿಲ್ಲಿಸಿಕೊಡುತ್ತವೆ.

ಹಲವರು ನನ್ನನ್ನು ಕೇಳಿದ್ದಾರೆ: "ಬೀಗ ಹಾಕಿದ್ರೆ ಗೃಹಲಕ್ಷ್ಮಿ ದುಡ್ಡು ನಿಂತೋಗಲ್ವಾ? ಪ್ರೋತ್ಸಾಹಧನ ಬರುತ್ತಾ?" ಬರುತ್ತದೆ. ಬೀಗ ಹಣ ಹೊರಗೆ ಹೋಗುವ ಬಾಗಿಲಿಗೆ. ಸರ್ಕಾರದ ಹಣ, ಹಾಲಿನ ಬಟವಾಡೆ ಒಳಗೆ ಬರುವುದಕ್ಕೆ ನಿಮ್ಮ ಬೆರಳು ಬೇಕಿಲ್ಲ.

ಇದಕ್ಕೆಲ್ಲ ಮೂಲ ನಿಮ್ಮ ಮೊಬೈಲ್ ಸಂಖ್ಯೆ. ಆಧಾರ್‌ಗೂ ಬ್ಯಾಂಕಿಗೂ ಕೊಟ್ಟಿರುವ ಸಂಖ್ಯೆ ಇವತ್ತು ನಿಮ್ಮ ಕೈಯಲ್ಲಿರುವ ಫೋನಿನದೇ? ಗಂಡನದೋ, ಮದುವೆಯಾಗಿ ಹೋದ ಮಗಳದೋ, ರೀಚಾರ್ಜ್ ಮಾಡದೆ ಬಿಟ್ಟದ್ದೋ? ಬಿಟ್ಟ ಸಂಖ್ಯೆಯನ್ನು ಕಂಪನಿಯವರು ಕೆಲವು ತಿಂಗಳ ನಂತರ ಬೇರೆಯವರಿಗೆ ಕೊಡುತ್ತಾರೆ. ಆಗ ನಿಮ್ಮ ಖಾತೆಯ ಸಂದೇಶ ಯಾರೋ ಅಪರಿಚಿತರಿಗೆ ಹೋಗುತ್ತದೆ. ಈ ವಾರವೇ ಸರಿಪಡಿಸಿಕೊಳ್ಳಿ.

ಇನ್ನು ಜೆರಾಕ್ಸ್ ವಿಷಯ. ಆಧಾರ್ ಪ್ರತಿ ಕೊಡುವಾಗ ಅದರ ಮೇಲೆ ಅಡ್ಡಲಾಗಿ ಯಾತಕ್ಕೆ, ಯಾವ ದಿನ ಎಂದು ಬರೆದು ಸಹಿ ಮಾಡಿ: 'ಹಸು ವಿಮೆಗೆ ಮಾತ್ರ' ಎಂಬಂತೆ. ಮೊದಲ ಎಂಟು ಅಂಕಿ ಮುಚ್ಚಿದ ಮಾಸ್ಕ್ಡ್ ಆಧಾರ್ ಕೂಡ ಸಿಗುತ್ತದೆ, ಗುರುತು ತೋರಿಸುವ ಕಡೆ ಅದನ್ನೇ ಕೊಡಿ. ಪರಿಚಯದವರೇ ಬಂದು "ನಿನ್ನ ಹೆಸ್ರಲ್ಲಿ ಗುಂಪು ಸಾಲ ತಗೋತೀನಿ, ಕಂತು ನಾನೇ ಕಟ್ತೀನಿ" ಎಂದರೂ ಕಾರ್ಡ್ ಕೊಡಬೇಡಿ. ಕಂತು ನಿಂತರೆ ಸಾಲಗಾರರ ಪಟ್ಟಿಯಲ್ಲಿ ಇರುವುದು ನಿಮ್ಮ ಹೆಸರೇ, ನಾಳೆ ಹಸು ಸಾಲಕ್ಕೆ ಹೋದಾಗ ಬ್ಯಾಂಕು ಬಾಗಿಲು ಹಾಕುತ್ತದೆ. ನಿಮ್ಮ ಹೆಸರಿನಲ್ಲಿ ಯಾವ ಯಾವ ಸಾಲ ಇದೆ ಎಂಬ ವರದಿಯನ್ನು ಸಿಬಿಲ್‌ನಂಥ ಸಂಸ್ಥೆಗಳು ವರ್ಷಕ್ಕೊಮ್ಮೆ ಪುಕ್ಕಟೆ ಕೊಡಬೇಕೆಂಬ ನಿಯಮವಿದೆ. ಎಷ್ಟು ಸಿಮ್ ಇವೆ ಎಂಬುದು ಸರ್ಕಾರದ ಸಂಚಾರ್ ಸಾಥಿಯಲ್ಲಿ ಕಾಣುತ್ತದೆ.

ಹಣ ಹೋದದ್ದು ಗೊತ್ತಾದರೆ? ಕೆಚ್ಚಲು ಬಾವಿಗೆ ಮೊದಲ ದಿನವೇ ಚಿಕಿತ್ಸೆ ಸಿಕ್ಕರೆ ಮೊಲೆ ಉಳಿಯುತ್ತದೆ, ವಾರ ಬಿಟ್ಟು ಕರೆದರೆ ನಾನೂ ಏನೂ ಮಾಡಲಾರೆ. ಇದೂ ಹಾಗೆಯೇ. ತಕ್ಷಣ 1930ಕ್ಕೆ ಕರೆ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ಹಣ ಇನ್ನೊಂದು ಖಾತೆಯಲ್ಲಿ ಇರುವಾಗಲೇ ತಡೆಹಿಡಿಯಲು ಅವರು ಪ್ರಯತ್ನಿಸುತ್ತಾರೆ. ಅದೇ ದಿನ ಬ್ಯಾಂಕಿಗೆ ಹೋಗಿ ಬರಹದಲ್ಲಿ ದೂರು ಕೊಟ್ಟು, ಸ್ವೀಕೃತಿ ಪಡೆಯಿರಿ. 2017ರಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸೂಚನೆಯ ಪ್ರಕಾರ, ನಿಮ್ಮದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ಮೂರನೆಯವರು ಹಣ ತೆಗೆದಿದ್ದರೆ, ಸಂದೇಶ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದವರು ನಷ್ಟ ಹೊರಬೇಕಾಗಿಲ್ಲ. ತಡವಾದಷ್ಟೂ ನಿಮ್ಮ ಪಾಲಿನ ನಷ್ಟ ಹೆಚ್ಚುತ್ತದೆ. ಆಧಾರ್ ಬಗ್ಗೆ ಕೇಳಲು 1947ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡುತ್ತಾರೆ. ಮನೆಯವರು ಬೈಯುತ್ತಾರೆಂದು ಮುಚ್ಚಿಟ್ಟು ದಿನ ಕಳೆಯಬೇಡಿ. ಪಕ್ಕದೂರಿನ ಆ ಸದಸ್ಯೆ ಗೊತ್ತಾದ ಮೇಲೂ ಮೂರು ದಿನ ಗಂಡನಿಗೆ ಹೇಳಿರಲಿಲ್ಲ.

ಕೊನೆಗೆ ನಮ್ಮ ಒಟಿಪಿಯ ಮಾತು. ಲಸಿಕೆಯ ಒಟಿಪಿ ಬರುವುದು ನಾವು ನಿಮ್ಮ ಕೊಟ್ಟಿಗೆಯಲ್ಲಿ ನಿಂತು ಹಸುವಿನ ಓಲೆ ಸಂಖ್ಯೆ ನಮೂದಿಸಿದಾಗ. ಯಾತಕ್ಕೆ ಎಂದು ಸಂದೇಶದಲ್ಲೇ ಬರೆದಿರುತ್ತದೆ, ಓದಿಸಿಕೊಳ್ಳಿ. ಅದರಲ್ಲಿ ರೂಪಾಯಿ, ಬ್ಯಾಂಕ್ ಅಥವಾ ಆಧಾರ್ ಎಂಬ ಮಾತಿದ್ದರೆ ಎದುರಿಗೆ ನಾನೇ ನಿಂತಿದ್ದರೂ ಹೇಳಬೇಡಿ. ಫೋನ್ ಮಾಡಿ ಲಸಿಕೆಯ ಒಟಿಪಿ ಕೇಳಿದವರಿಗೆ ಕೊಡಲೇಬೇಡಿ. ಮತ್ತೆ, ಲಸಿಕೆಗಾಗಲಿ ಗರ್ಭಧಾರಣೆಗಾಗಲಿ ಚಿಕಿತ್ಸೆಗಾಗಲಿ ನಿಮ್ಮ ಬೆರಳಚ್ಚು ನಮಗೆ ಬೇಕಿಲ್ಲ. ಮುಂದಿನ ಸುತ್ತಿಗೆ ಬರುವಾಗ ನಮ್ಮ ಹತ್ತಿರ ಐಸ್ ಬಾಕ್ಸ್, ಸಿರಿಂಜು, ಓಲೆ ಹಾಕುವ ಯಂತ್ರ, ಒಂದು ಮೊಬೈಲ್ ಇರುತ್ತದೆ. ಅನುಮಾನ ಬಂದರೆ ಕಾರ್ಯದರ್ಶಿಯನ್ನು ಕರೆಸಿ ಕೇಳಿ. ಅವರು ಬರುವವರೆಗೆ ಕಾಯುತ್ತೇವೆ.