ಬಾಡಿಗೆ ಮನೆಯ ಕರೆಂಟಿಗೆ ಒಂದು ಕಾವಲು

ಅಮೆರಿಕದಲ್ಲಿ ಚಕ್ರದ ಮನೆಗಳುಂಟು. ಮೋಟಾರು ಗಾಡಿಯ ಹಿಂದೆ ಕಟ್ಟಿಕೊಂಡು ಎಳೆದೊಯ್ಯುವ ಈ ಮನೆಗೆ ಅಲ್ಲಿಯವರು ಟ್ರಾವೆಲ್ ಟ್ರೇಲರ್ ಎನ್ನುತ್ತಾರೆ. ಒಳಗೆ ಒಲೆ, ಮಂಚ, ಫ್ರಿಜ್, ಏರ್ ಕಂಡಿಷನರ್ ಎಲ್ಲವೂ ಇರುತ್ತವೆ. ರಜೆ ಬಂದೊಡನೆ ಸಂಸಾರ ಸಮೇತ ಹೊರಟು, ಸಂಜೆಗೆ ಯಾವುದಾದರೊಂದು ತಂಗುದಾಣದಲ್ಲಿ ನಿಲ್ಲಿಸಿ, ಅಲ್ಲಿ ನೆಟ್ಟಿರುವ ಕಂಬದ ಪೆಟ್ಟಿಗೆಗೆ ತಮ್ಮ ವೈರನ್ನು ಸಿಕ್ಕಿಸಿದರೆ ಮನೆಗೆ ದೀಪ ಬಂತು. ಇಂದು ಈ ಕಂಬ, ನಾಳೆ ಇನ್ನೊಂದು. ಯಾವ ಕಂಬದ ತಂತಿಯನ್ನು ಯಾವ ಪುಣ್ಯಾತ್ಮ ಹೇಗೆ ಜೋಡಿಸಿದ್ದಾನೋ ಯಾರು ಬಲ್ಲರು? ಆದ್ದರಿಂದ ತಿಳಿದವರು ವೈರು ಟ್ರೇಲರಿನ ಒಳಕ್ಕೆ ಬರುವ ಜಾಗದಲ್ಲೇ ಒಂದು ರಕ್ಷಕ ಪೆಟ್ಟಿಗೆಯನ್ನು ಖಾಯಮ್ಮಾಗಿ ಕೂಡಿಸಿಬಿಡುತ್ತಾರೆ. ಹೊರಗೆ ಕಂಬಕ್ಕೆ ಸಿಕ್ಕಿಸುವ ಜಾತಿಯದೂ ಸಿಗುತ್ತದೆ. ಅದು ಮಳೆಗೆ ನೆನೆಯುತ್ತದೆ, ಕಳ್ಳನ ಕಣ್ಣಿಗೂ ಬೀಳುತ್ತದೆ.

ಊರು ಬಿಟ್ಟು ಚೆನ್ನೈಗೆ ಬಂದಿರುವ ನಮ್ಮಂಥ ಸಂಸಾರಗಳ ಪಾಡೂ ಇದೇ ಅಲ್ಲವೆ? ಚಕ್ರವೊಂದು ಕಡಿಮೆ, ಅಷ್ಟೆ. ಪಲ್ಲಾವರದಲ್ಲಿ ಮೂರು ವರ್ಷ, ಕ್ರೋಂಪೇಟೆಯಲ್ಲಿ ಎರಡು ವರ್ಷ, ಮುಂದೆ ತಾಂಬರವೋ ಇನ್ನೆಲ್ಲೋ! ಪ್ರತಿ ಮನೆಯಲ್ಲೂ ಬೇರೆ ಮೀಟರು, ಬೇರೆ ಬೋರ್ಡು, ಬೇರೊಬ್ಬರ ಕೈಕೆಲಸ. ಮನೆ ನೋಡಲು ಹೋದಾಗ ಬೋರ್ ನೀರು ಸಿಹಿಯೋ ಉಪ್ಪೋ ಎಂದು ವಿಚಾರಿಸುತ್ತೇವೆ. ರೈಲ್ವೆ ಸ್ಟೇಷನ್ನು ಎಷ್ಟು ದೂರ, ಮಳೆಗಾಲದಲ್ಲಿ ಬೀದಿಗೆ ನೀರು ನಿಲ್ಲುವುದೋ ಎಂದೆಲ್ಲ ಕೇಳುತ್ತೇವೆ. ಕರೆಂಟಿನ ಜಾತಕ ಕೇಳುವವರನ್ನು ಮಾತ್ರ ನಾನು ಕಂಡಿಲ್ಲ.

ಕೇಳಬೇಕಾದ ಅಗತ್ಯ ನನಗೆ ತಿಳಿದದ್ದು ೨೦೨೩ರ ಡಿಸೆಂಬರಿನಲ್ಲಿ. ಮಿಚಾಂಗ್ ಚಂಡಮಾರುತದ ಮಳೆ ೩ ಮತ್ತು ೪ನೆಯ ತಾರೀಖು ಊರನ್ನೆಲ್ಲ ಮುಳುಗಿಸಿದ್ದನ್ನು ಇಲ್ಲಿನವರು ಯಾರೂ ಮರೆತಿರಲಾರರು. ನಾವಿರುವ ವಠಾರದಲ್ಲಿ ಆರು ಮನೆಗಳು. ಮೆಟ್ಟಿಲ ಕೆಳಗಿನ ಕೇಬಲ್ ಪೆಟ್ಟಿಗೆಯಲ್ಲಿ ನೀರು ನಿಂತು, ನ್ಯೂಟ್ರಲ್ ತಂತಿಯ ಕೂಡುವಿಕೆಗೆ ಕಿಲುಬು ಹಿಡಿದಿತ್ತು. ಮೂರು ದಿನದ ಕತ್ತಲೆಯ ನಂತರ ಕರೆಂಟು ಬಂದಾಗ ಎಲ್ಲರೂ ಹೋ ಎಂದು ಕೂಗಿದೆವು. ಐದು ನಿಮಿಷದಲ್ಲಿ ಒಂದು ಮನೆಯ ಬಲ್ಬು ಮಿಣಿಮಿಣಿ ಎಂದಿತು. ಎದುರು ಮನೆಯ ಬಲ್ಬು ಕಣ್ಣು ಕೋರೈಸಿ ಢಬ್ಬೆಂದಿತು. ಆ ಎದುರು ಮನೆ ಧಾರವಾಡದ ಕಡೆಯ ಒಬ್ಬ ಅಜ್ಜಿಯದು. ಒಂಟಿ ಜೀವ, ಒಂದು ದೀಪ, ಒಂದು ಚಿಕ್ಕ ಫ್ರಿಜ್. ಆ ಫ್ರಿಜ್ಜಿನಲ್ಲಿ ಅವರ ಇನ್ಸುಲಿನ್. ದೀಪದೊಡನೆ ಫ್ರಿಜ್ಜೂ ಸುಟ್ಟಿತು. "ತಮ್ಮಾ, ಒಂದ ದೀಪಾ ಹಚ್ಚಿದ್ದೆ, ಅಷ್ಟಕ್ಕ ಹಿಂಗಾತೇನು?" ಎಂದು ಅವರು ಕೇಳಿದಾಗ ಉತ್ತರ ಹೇಳುವುದು ಕಷ್ಟವಾಯಿತು. ಔಷಧಿ ಅಂಗಡಿಯವರು ತಮ್ಮ ಫ್ರಿಜ್ಜಿನಲ್ಲಿ ಜಾಗ ಕೊಟ್ಟು ಉಪಕಾರ ಮಾಡಿದರು.

ಉತ್ತರ ವಿಚಿತ್ರವಾದದ್ದು. ಬೀದಿಯ ಟ್ರಾನ್ಸ್‌ಫಾರ್ಮರಿನಿಂದ ಮೂರು ಫೇಸ್ ತಂತಿಗಳು, ಅವಕ್ಕೆಲ್ಲ ಸೇರಿ ಒಂದೇ ನ್ಯೂಟ್ರಲ್ ಬರುತ್ತವೆ. ಒಂದು ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ ೨೩೦ ವೋಲ್ಟು; ಎರಡು ಫೇಸುಗಳ ನಡುವೆ ೪೦೦. ನ್ಯೂಟ್ರಲ್ ಹರಿದುಹೋದರೆ, ಬೇರೆ ಬೇರೆ ಫೇಸಿನ ಎರಡು ಮನೆಗಳು ಆ ೪೦೦ ವೋಲ್ಟನ್ನು ತಮ್ಮೊಳಗೆ ಪಾಲು ಮಾಡಿಕೊಳ್ಳಬೇಕಾಗುತ್ತದೆ. ಪಾಲು ಸಮಪಾಲಲ್ಲ. ಒಂದು ಮನೆಯಲ್ಲಿ ಸಾವಿರ ವ್ಯಾಟಿನ ಇಸ್ತ್ರಿ ಪೆಟ್ಟಿಗೆ, ಇನ್ನೊಂದರಲ್ಲಿ ಬರೀ ನೂರು ವ್ಯಾಟಿನ ಖರ್ಚು ಎಂದಿಟ್ಟುಕೊಳ್ಳಿ. ಲೆಕ್ಕ ಹಾಕಿದರೆ ಇಸ್ತ್ರಿಯ ಮನೆಗೆ ಸುಮಾರು ೩೬ ವೋಲ್ಟು, ನೂರು ವ್ಯಾಟಿನ ಮನೆಗೆ ಸುಮಾರು ೩೬೪! ಹಿಡಿತದಿಂದ ಬಾಳಿದ ಮನೆಗೇ ದಂಡ. ವಿದ್ಯುಚ್ಛಕ್ತಿಗೆ ನ್ಯಾಯಾನ್ಯಾಯ ಗೊತ್ತಿಲ್ಲ.

ಇದು ಒಂದು ಬಗೆಯ ಕಾಯಿಲೆ. ಇನ್ನೊಂದರ ಹೆಸರೇ ಸರ್ಜ್. ದೂರದಲ್ಲೆಲ್ಲೋ ಸಿಡಿಲು ಹೊಡೆದಾಗಲೋ, ದೊಡ್ಡ ಮೋಟಾರು ನಿಂತಾಗಲೋ ತಂತಿಯಲ್ಲಿ ವೋಲ್ಟೇಜು ಸಾವಿರಗಟ್ಟಲೆ ಚಿಮ್ಮಿ ಇಳಿಯುತ್ತದೆ. ಸಿಡಿಲಿನ ಏಟು ಇರುವುದು ಸೆಕೆಂಡಿನ ಲಕ್ಷ ಭಾಗದಲ್ಲಿ ಕೆಲವೇ ಭಾಗದಷ್ಟು ಹೊತ್ತು. ಬಲ್ಬು ಕಣ್ಣು ಮಿಟುಕಿಸುವಷ್ಟರಲ್ಲಿ ಟೆಲಿವಿಷನ್ನಿನ ಒಳಗಿನ ಸೂಕ್ಷ್ಮ ಭಾಗಗಳು ಹೋಗಿರುತ್ತವೆ. ಇದಕ್ಕೆ ಮದ್ದು ಸರ್ಜ್ ಪ್ರೊಟೆಕ್ಟರ್. ಅದರ ಒಳಗಿರುವುದು ಮುಖ್ಯವಾಗಿ ಸತುವಿನ ಆಕ್ಸೈಡಿನ ಬಿಲ್ಲೆ. ಸಾಮಾನ್ಯ ವೋಲ್ಟೇಜಿನಲ್ಲಿ ಅದು ಗೋಡೆಯಂತೆ ಸುಮ್ಮನಿರುತ್ತದೆ. ಮಿತಿ ಮೀರಿದೊಡನೆ ಬಾಗಿಲು ತೆರೆದು, ಹೆಚ್ಚಿನ ಶಕ್ತಿಯನ್ನು ನೆಲಕ್ಕೆ ಸಾಗಹಾಕಿ, ಮತ್ತೆ ಮುಚ್ಚಿಕೊಳ್ಳುತ್ತದೆ. ಏಟು ತಿಂದು ತಿಂದು ಸವೆಯುವುದೂ ಉಂಟು. ಅದಕ್ಕೇ ಮೈಮೇಲೆ ಒಂದು ಪುಟ್ಟ ಕಿಂಡಿ: ಹಸುರಿದ್ದರೆ ಬದುಕಿದೆ, ಕೆಂಪಾದರೆ ಬದಲಾಯಿಸಬೇಕು.

ಆದರೆ ಅಜ್ಜಿಯ ಫ್ರಿಜ್ಜನ್ನು ಈ ಬಿಲ್ಲೆ ಉಳಿಸುತ್ತಿರಲಿಲ್ಲ. ಕ್ಷಣಮಾತ್ರದ ಏಟನ್ನು ತಡೆಯುವ ಬಿಲ್ಲೆ, ೩೬೦ ವೋಲ್ಟು ಸತತವಾಗಿ ಬಂದರೆ ತಾನೇ ಕಾದು ಸುಟ್ಟುಹೋಗುತ್ತದೆ. ಅಲ್ಲಿ ಬೇಕಾದದ್ದು ವೋಲ್ಟೇಜು ಏರಿದರೂ ಇಳಿದರೂ ಸಂಪರ್ಕವನ್ನೇ ಕಡಿದುಹಾಕುವ ರಿಲೆ. ಟ್ರೇಲರಿನ ಒಳ್ಳೆಯ ಪೆಟ್ಟಿಗೆಗಳಲ್ಲಿ ಎರಡೂ ಇರುತ್ತವೆ. ಅಲ್ಲಿಯ ೧೨೦ ವೋಲ್ಟು ೧೦೪ಕ್ಕಿಂತ ಇಳಿದರೆ ಅಥವಾ ೧೩೨ಕ್ಕಿಂತ ಏರಿದರೆ ಕಡಿದುಹಾಕುವ ಪೆಟ್ಟಿಗೆಗಳಿವೆ. ಎಲ್ಲ ಸರಿಯಾದ ಮೇಲೂ ಏರ್ ಕಂಡಿಷನರಿನ ಕಂಪ್ರೆಸರ್ ಸುಧಾರಿಸಿಕೊಳ್ಳಲೆಂದು ಸ್ವಲ್ಪ ಹೊತ್ತು ತಡೆದೇ ಜೋಡಿಸುತ್ತವೆ. ನಮ್ಮ ಅಂಗಡಿಗಳಲ್ಲಿ ಇವೆರಡು ಬೇರೆ ಬೇರೆಯಾಗಿ ಸಿಗುತ್ತವೆ. ಪ್ಯಾರಿಸ್ ಕಾರ್ನರಿನ ಸುತ್ತಿನ ವಿದ್ಯುತ್ ಸಾಮಾನಿನ ಅಂಗಡಿಗಳಲ್ಲಿ ಕೇಳಿ ನೋಡಬಹುದು. ಅನೇಕರು ಸ್ಪೈಕ್ ಗಾರ್ಡ್ ಪಟ್ಟಿಯೊಂದನ್ನು ಕೊಂಡು ನೆಮ್ಮದಿಯಾಗಿರುತ್ತಾರೆ. ಅದು ತನಗೆ ಚುಚ್ಚಿದ ಉಪಕರಣಕ್ಕಷ್ಟೆ ಅಷ್ಟಿಷ್ಟು ರಕ್ಷೆ.

ನಾನು ಕರೆಸಿದ ಎಲೆಕ್ಟ್ರಿಷಿಯನ್ ಕ್ರೋಂಪೇಟೆಯಲ್ಲೇ ಹುಟ್ಟಿ ಬೆಳೆದವರು. ನನ್ನ ಕೈಯಲ್ಲಿದ್ದ ಹೊಸ ಡಬ್ಬಿಗಳನ್ನು ಅವರು ನೋಡಲೇ ಇಲ್ಲ. "ಅದು ಆಮೇಲೆ ಸಾರ್, ಮೊದಲು ಅರ್ತ್ ಇದೆಯೋ ನೋಡೋಣ" ಎಂದರು. ಬೋರ್ಡು ಬಿಚ್ಚಿದರೆ, ಹಸುರು ತಂತಿ ಗೋಡೆಯೊಳಗೆ ಹೋಗಿ ಹಿಂದಿನ ಓಣಿಯಲ್ಲಿ ಹೊರಬಂದು, ಒಂದು ನಲ್ಲಿಯ ಕೊಳವೆಗೆ ಸುತ್ತಿಕೊಂಡಿತ್ತು. ಕೊಳವೆಯನ್ನು ಬದಲಾಯಿಸಿ ಪ್ಲಾಸ್ಟಿಕ್ಕಿನದು ಹಾಕಿದಂದೇ ಅದರ ಭೂಸಂಪರ್ಕ ಮುಗಿದಿತ್ತು. ನೆಲಕ್ಕೆ ದಾರಿ ಇಲ್ಲದ ಮೇಲೆ ಸರ್ಜ್ ಪ್ರೊಟೆಕ್ಟರಿನ ಅರ್ಧ ಕೆಲಸವೇ ನಡೆಯದು. ಇಂಥ ಕಡೆ ಕೆಲವರು ಪ್ಲಗ್ಗಿನಲ್ಲಿ ಅರ್ತನ್ನೂ ನ್ಯೂಟ್ರಲ್ಲನ್ನೂ ಕೂಡಿಸಿ "ಆಯಿತು" ಎನ್ನುತ್ತಾರೆ. ಅದು ಮಹಾ ಅಪಾಯ. ನ್ಯೂಟ್ರಲ್ ಹರಿದ ದಿನ ಫ್ರಿಜ್ಜಿನ ಕಬ್ಬಿಣದ ಮೈಗೇ ಕರೆಂಟು ಬರುತ್ತದೆ. ಮುಟ್ಟಿದ ಮಗುವಿನ ಗತಿಯೇನು?

ಅರ್ತ್ ಗುಂಡಿ ತೋಡಲು ಮನೆಯ ಯಜಮಾನರ ಅಪ್ಪಣೆ ಬೇಕಷ್ಟೆ. ಅವರು ರಿಟೈರಾದ ಹಿರಿಯರು. "ನಮ್ಮೂರಿಗೆ ಕರೆಂಟು ಹೊಸದೇ? ಬೀಚಿನಿಂದ ತಾಂಬರಕ್ಕೆ ವಿದ್ಯುತ್ ರೈಲು ಓಡಿದ್ದು ೧೯೩೧ರಲ್ಲಿ. ಈ ಮನೆಗೆ ಇಂದಿಗೂ ಸಿಡಿಲು ಬಡಿದಿಲ್ಲ ಸಾರ್" ಎಂದರು. ಅಜ್ಜಿಯ ಸುಟ್ಟ ಫ್ರಿಜ್ಜನ್ನು ಎಲೆಕ್ಟ್ರಿಷಿಯನ್ ಅವರಿಗೆ ತೋರಿಸಿದ ಮೇಲೆ ಒಪ್ಪಂದವಾಯಿತು. ಗುಂಡಿ ಮನೆಯೊಡನೆ ಉಳಿಯುವಂಥದು, ಅದರ ಖರ್ಚು ಯಜಮಾನರದು. ಪೆಟ್ಟಿಗೆ ನನ್ನೊಡನೆ ಬರುವಂಥದು, ಅದರ ಖರ್ಚು ನನ್ನದು. ಎರಡೂವರೆ ಮೀಟರು ಉದ್ದದ ಜಿ.ಐ. ಪೈಪನ್ನು ನೆಲಕ್ಕಿಳಿಸಿ, ಇದ್ದಲು ಉಪ್ಪು ತುಂಬಿ, ಹೊಸ ತಂತಿಯನ್ನು ಬೋರ್ಡಿಗೆ ತಂದರು. ಆರೂ ಮನೆಗೆ ಪ್ರಯೋಜನವಾಯಿತು. ಕಿಲುಬು ಹಿಡಿದ ಕೂಡುವಿಕೆಯನ್ನೂ ಅದೇ ದಿನ ಹೊಸದು ಮಾಡಿದರು.

ಪೆಟ್ಟಿಗೆ ಜೋಡಿಸುವ ಕೆಲಸ ಒಂದು ಗಂಟೆಯದು. ಮೇನ್ ಸ್ವಿಚ್ಚಿನ ನಂತರ ರಿಲೆ. ನಾವು ೧೭೦ರ ಕೆಳಗೆ, ೨೭೦ರ ಮೇಲೆ ಕಡಿಯುವಂತೆ ಇರಿಸಿದೆವು. ಸರ್ಜ್ ಪ್ರೊಟೆಕ್ಟರನ್ನು ಕರೆಂಟಿನ ದಾರಿಗೆ ಅಡ್ಡವಾಗಿ ಅಲ್ಲ, ಪಕ್ಕಕ್ಕೆ ಕೂಡಿಸುತ್ತಾರೆ. ಅದಕ್ಕೆ ತನ್ನದೇ ಫ್ಯೂಸು ಬೇಕು. ಮನೆಯ ಬೋರ್ಡಿಗೆ ಟೈಪ್ ೨ ಎಂಬುದು ಸರಿ. ಕಟ್ಟಡದ ನೆತ್ತಿಯ ಮೇಲೆ ಮಿಂಚುಕಂಬಿ ಇದ್ದರೆ ಮಾತ್ರ ಟೈಪ್ ೧ರ ವಿಚಾರ ಬರುತ್ತದೆ. ಮೈಮೇಲೆ ೨೭೫ ಎಂದೋ ೩೨೦ ಎಂದೋ ಅಚ್ಚಾಗಿರುತ್ತದೆ. ರಾತ್ರಿ ಹೊತ್ತು ವೋಲ್ಟೇಜು ಏರುವ ಬೀದಿಗಳಲ್ಲಿ ೩೨೦ರದೇ ವಾಸಿ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಸೇರುವ ತಂತಿಗಳು ಗಿಡ್ಡವಾಗಿರಬೇಕು, ಎಲ್ಲ ಸೇರಿ ಅರ್ಧ ಮೀಟರು ಮೀರಬಾರದು. "ಮುಂದೆ ಬೇಕಾದೀತು" ಎಂದು ತಂತಿಯನ್ನು ಸುರುಳಿ ಸುತ್ತಿ ಒಳಗಿಡುವ ಪದ್ಧತಿಯುಂಟಲ್ಲ, ಇಲ್ಲಿ ಅದು ಕೂಡದು; ತಂತಿ ಉದ್ದವಾದಷ್ಟೂ ಉಪಕರಣಕ್ಕೆ ತಲಪುವ ಏಟು ಹೆಚ್ಚು. ಇದಾವುದನ್ನೂ ಸ್ವಂತ ಕೈಯಿಂದ ಮಾಡಹೋಗಬೇಡಿ. ಲೈಸೆನ್ಸ್ ಉಳ್ಳವರಿಂದಲೇ ಮಾಡಿಸಿ. ಮೀಟರಿನ ಕಡೆಯ ಇ.ಬಿ. ಮೊಹರನ್ನಂತೂ ಯಾರೂ ಮುಟ್ಟತಕ್ಕದ್ದಲ್ಲ.

ಪೆಟ್ಟಿಗೆ ಇಲ್ಲದ ಮನೆಯವರು ಇಷ್ಟನ್ನಾದರೂ ಮಕ್ಕಳಿಗೂ ಹಿರಿಯರಿಗೂ ಹೇಳಿಕೊಟ್ಟಿರಿ: ದೀಪಗಳು ಇದ್ದಕ್ಕಿದ್ದಂತೆ ಅತಿಯಾಗಿ ಬೆಳಗಿದರೆ, ಅಥವಾ ಒಂದು ಮನೆಯಲ್ಲಿ ಮಂಕು ಇನ್ನೊಂದರಲ್ಲಿ ಉರಿಬೆಳಕು ಕಂಡರೆ, ಮೊದಲು ಮೇನ್ ಸ್ವಿಚ್ ಆರಿಸಬೇಕು, ಪ್ರಶ್ನೆ ಆಮೇಲೆ. ನಮ್ಮ ಅಜ್ಜಿಗೆ ಅವರ ಸ್ವಿಚ್ಚು ಕೈಗೆಟುಕುತ್ತಿರಲಿಲ್ಲ. ಈಗ ಅದನ್ನು ಕೆಳಕ್ಕಿಳಿಸಿ, ಪಕ್ಕದಲ್ಲಿ ಅವರಿಗೂ ಒಂದು ರಿಲೆ ಹಾಕಿಸಿದ್ದೇವೆ. ವಠಾರದವರೆಲ್ಲ ಸೇರಿ ಅದರ ಹಣ ಕೊಟ್ಟರು.

ಮನೆ ಬಿಡುವಾಗ ಎಲೆಕ್ಟ್ರಿಷಿಯನ್ ಕೈಯಲ್ಲೇ ಪೆಟ್ಟಿಗೆ ಬಿಚ್ಚಿಸಿ, ತಂತಿಗಳನ್ನು ಮೊದಲಿದ್ದಂತೆ ಸೇರಿಸಿಕೊಡಬೇಕು. ಬಾಡಿಗೆಯ ಕರಾರುಪತ್ರದಲ್ಲಿ ಈ ಬಗ್ಗೆ ಒಂದು ಸಾಲು ಬರೆಸಿಕೊಂಡರೆ ಕೊನೆಯ ದಿನ ಅಡ್ವಾನ್ಸಿನ ಲೆಕ್ಕದಲ್ಲಿ ಮಾತು ಬೆಳೆಯದು. ನಾನು ಬರೆಸಿಕೊಂಡಿದ್ದೇನೆ, ಯಜಮಾನರು ಸಹಿ ಹಾಕಿ, ತಮ್ಮ ಮನೆಗೂ ಒಂದು ಪೆಟ್ಟಿಗೆ ತರಿಸಿಕೊಡಲು ಹೇಳಿದ್ದಾರೆ.