ತಿದ್ದಿದವರ ಹೆಸರು ಉಳಿಯುವ ಭಂಡಾರ

ಸವಣೂರಿನಿಂದ ಹುಬ್ಬಳ್ಳಿ ಬೆಂಗಳೂರುಗಳಿಗೆ ಹೋಗಿ ಗಣಕದ ಉದ್ಯೋಗ ಹಿಡಿದ ತರುಣರು ಹಬ್ಬಕ್ಕೆ ಮನೆಗೆ ಬಂದಾಗಲೂ, ಊಟವಾಗಿ ಹಿರಿಯರು ಎಲೆ ಅಡಿಕೆಗೆ ಕೈ ಹಾಕುವ ಹೊತ್ತಿಗೆ, ಲ್ಯಾಪ್‌ಟಾಪು ತೆರೆದು ಕುಳಿತಿರುತ್ತಾರೆ. ಕೇಳಿದರೆ, “ಗಿಟ್‌ಹಬ್ಬಿನಲ್ಲಿ ಒಂದು ಫೈಲು ತಿದ್ದುವುದಿದೆ” ಎನ್ನುವರು. ಅದಾವ ಕೆಲಸವೆಂಬುದು ಮನೆಯವರಿಗೂ ತಿಳಿದಿರಬೇಕೆಂದು ನಮ್ಮ ಅಭಿಪ್ರಾಯ.

ಓಲೆಗರಿಗಳ ಗತಿಯನ್ನು ವಾಚಕರು ಬಲ್ಲರು. ಒಬ್ಬ ಲಿಪಿಕಾರನು ಪ್ರತಿ ಮಾಡುವಾಗ ಅಕ್ಷರವೊಂದನ್ನು ಬಿಡುವನು. ಮುಂದಿನವನು ತನಗೆ ತೋಚಿದಂತೆ ಅದನ್ನು ತುಂಬುವನು. ಶತಮಾನಗಳ ಮೇಲೆ ಗ್ರಂಥಸಂಪಾದಕನು ಹತ್ತು ಪ್ರತಿಗಳನ್ನು ಹರವಿಕೊಂಡು, ಕವಿಯ ಪಾಠವಾವುದು, ನಡುವೆ ಸೇರಿದುದಾವುದು ಎಂದು ತಿಣುಕಬೇಕು. ತಿದ್ದಿದವನಾರು, ಎಂದು, ಏಕೆ ಎಂಬ ಮೂರೂ ಅಲ್ಲಿ ಅಳಿಸಿಹೋಗಿರುತ್ತವೆ.

ಗಣಕಕ್ಕೆ ಬರೆಯುವ ಕಡತಗಳಿಗೂ ಇದೇ ಸಂಕಟ. ನೂರಾರು ಜನರು ದೂರ ದೂರ ಕುಳಿತು ಒಂದನ್ನೇ ತಿದ್ದುವರು. ಲಿನಕ್ಸಿನ ಕರ್ತೃವಾದ ಲೈನಸ್ ಟೋರ್ವಾಲ್ಡ್ಸರು ೨೦೦೫ನೆಯ ಇಸವಿಯ ಏಪ್ರಿಲಿನಲ್ಲಿ ಇದಕ್ಕಾಗಿ ‘ಗಿಟ್’ ಎಂಬ ಸಾಧನವನ್ನು ರಚಿಸಿದರು. ಅದನ್ನು ಆಧರಿಸಿದ ಗಿಟ್‌ಹಬ್ ೨೦೦೮ರಲ್ಲಿ ತೆರೆಯಿತು. ಇಲ್ಲಿ ಪ್ರತಿಯೊಂದು ತಿದ್ದುಪಡಿಯೊಡನೆ ತಿದ್ದಿದವರ ಹೆಸರು, ಹೊತ್ತು, ಕಾರಣದ ಒಂದು ಸಾಲು ದಾಖಲಾಗುವವು. ಹಳೆಯ ಪಾಠವೂ ಹಾಗೆಯೇ ಉಳಿಯುವುದು. (ಕಾರಣದ ಜಾಗದಲ್ಲಿ “ಸರಿಪಡಿಸಿದೆ” ಎಂದಷ್ಟೇ ಗೀಚುವ ಸೋಮಾರಿಗಳು ಇಲ್ಲಿಯೂ ಉಂಟು.)

ಪರಕೀಯನು ನೇರವಾಗಿ ಕೈಯಿಕ್ಕುವಂತಿಲ್ಲ. ಕಡತದ ಮೇಲಿನ ಪೆನ್ಸಿಲಿನ ಗುರುತನ್ನು ಒತ್ತಿದರೆ ಅವನಿಗಾಗಿ ಬೇರೊಂದು ಪ್ರತಿ ಏರ್ಪಡುವುದು. ಅದರಲ್ಲಿ ತಿದ್ದಿ, ಸೇರಿಸಿಕೊಳ್ಳಿರೆಂದು ವಿನಂತಿ ಕಳಿಸಬೇಕು. ಭಂಡಾರದವರು ತೆಗೆದ ಸಾಲನ್ನು ಕೆಂಪಿನಲ್ಲಿಯೂ ಸೇರಿಸಿದ್ದನ್ನು ಹಸಿರಿನಲ್ಲಿಯೂ ನೋಡಿ, ಒಪ್ಪಿದರೆ ಕೂಡಿಸುವರು. ನಮ್ಮೂರ ದೊಡ್ಡಹುಣಸೆ ಮರದ ಕೊಂಬೆ ಒಮ್ಮೆ ಕವಲೊಡೆದರೆ ಮತ್ತೆ ಬೊಡ್ಡೆಯನ್ನು ಸೇರದು. ಈ ಕವಲು ಸೇರುವುದು. ಇಬ್ಬರು ಒಂದೇ ಸಾಲನ್ನು ಬೇರೆ ಬೇರೆಯಾಗಿ ತಿದ್ದಿದ್ದರೋ, ಯಂತ್ರವು ತಾನು ನ್ಯಾಯ ಹೇಳದೆ ಎರಡನ್ನೂ ಮನುಷ್ಯನ ಮುಂದಿಟ್ಟು ನಿಲ್ಲುವುದು. ಈ ವಿನಯ ನಮಗೆ ಬಹಳ ಮೆಚ್ಚುಗೆಯಾಯಿತು.

ಕನ್ನಡದ ‘ಗುಬ್ಬಿ’, ‘ನವಿಲು’ ಎಂಬ ಅಕ್ಷರವಿನ್ಯಾಸಗಳ ಮೂಲ ಕಡತಗಳು ಇಂಥ ತೆರೆದ ಭಂಡಾರದಲ್ಲಿಯೇ ಇವೆ. ಯಾವುದೋ ಒತ್ತಕ್ಷರವು ತಪ್ಪಾಗಿ ಮೂಡಿದರೆ ಸವಣೂರಿನ ಮನೆಯಲ್ಲಿ ಕುಳಿತವರೂ ಅದನ್ನು ತೋರಿಸಬಹುದು. ಬಲ್ಲವರಾದರೆ ತಿದ್ದಿಯೂ ಕಳಿಸಬಹುದು.

ಆದರೆ ಏನನ್ನೂ ಮರೆಯದ ಈ ಗುಣವೇ ಒಮ್ಮೊಮ್ಮೆ ಕುತ್ತಾಗುವುದು. ಅವಸರದಲ್ಲಿ ಗುಪ್ತಪದವನ್ನು ಕಡತದೊಳಗೆ ಬರೆದು ತೆರೆದ ಭಂಡಾರಕ್ಕೆ ಏರಿಸಿದವರು, ಮರುಗಳಿಗೆಯಲ್ಲಿ ಸಾಲನ್ನು ಅಳಿಸಿ ನಿಶ್ಚಿಂತರಾಗುವರು. ಅಳಿಸಿದ್ದು ಈಗಿನ ಪ್ರತಿಯಿಂದ ಮಾತ್ರ. ಹಿಂದಿನ ಪಾಠದಲ್ಲಿ ಅದು ಇದ್ದೇ ಇರುವುದು. ಇಂಥ ಗುಟ್ಟುಗಳನ್ನೇ ಅರಸುವ ಯಂತ್ರಗಳು ಜಾಲದಲ್ಲಿ ಹಗಲಿರುಳು ತಿರುಗುತ್ತಿರುವವು. ಆದುದರಿಂದ ಮಗನಾಗಲಿ ಮಗಳಾಗಲಿ ಹಾಗೆ ಮಾಡಿ ಗಾಬರಿಯಾಗಿದ್ದರೆ, ಮೊದಲು ಆ ಗುಪ್ತಪದವನ್ನೇ ಬದಲಿಸಲಿ. ಕಡತವನ್ನು ಶುದ್ಧಮಾಡುವುದು ಆಮೇಲಿನ ಮಾತು.